ಬಿಸಿಲ ಕಡೆ

ಮೂವತ್ತೊಂದು ವರ್ಷ ಮಂದಿಗೆ ಹೇಳಿದೆ:
ಮುಂಜಾನೆ ಬಾಗಲಕೋಟೆಯಿಂದ ವಿಜಯಪುರಕ್ಕಾದರೆ ಎಡಕ್ಕೆ ಕೂಡ್ರಿ,
ಸಂಜಿಗೆ ಹೊಳ್ಳಿ ಬರುವಾಗಲೂ ಎಡಕ್ಕೇ.
ಯಾರೂ ನಂಬಲಿಲ್ಲ. ಹೋಗೂದೂ ಎಡ, ಬರೂದೂ ಎಡ, ಅದ್ಹೆಂಗ?
ಟಿಕೀಟು ಹರಿಯುತ್ತ ಸೂರ್ಯನನ್ನು ಬಿಡಿಸಿ ಹೇಳುವಷ್ಟು
ಪುರುಸೊತ್ತು ನನಗೆಲ್ಲಿತ್ತು.

ಈಗ ಕೊಲ್ಹಾರ ಸೇತುವೆಯ ಕೆಳಗೆ, ಹಿನ್ನೀರ ದಂಡೆಯಲ್ಲಿ,
ನಾನೂ ಬುಡ್ಡೇಸಾಬನೂ ದೋಣಿ ಆರಿಸುತ್ತಿದ್ದೇವೆ.

ಬುಡ್ಡೇಸಾಬ ನನ್ನ ಡ್ರೈವರ್.
ಅವನ ಬಲಗೈ ಇವತ್ತಿಗೂ ಎಡಗೈಗಿಂತ ಕಪ್ಪು.
ಕಿಟಕಿಯಂಚಿಗೆ ಇಟ್ಟಿದ್ದ ಕೈ ಅದು.
ಎರಡೂ ತೋಳು ಬೇರೆ ಬೇರೆ ಊರಿನವು ಅನ್ನಬೇಕು, ಹಾಗಿವೆ.
ಇಡೀ ದಾರಿ ಅವನದಾಗಿತ್ತು:
ಗಾಜಿನ ತುಂಬ ನೀರು, ಸೂರ್ಯಕಾಂತಿ, ಅಡ್ಡ ಬಂದ ಕುರಿಹಿಂಡು.
ನನ್ನ ಪಾಲಿಗೆ ನೆರಳು, ಮತ್ತೆ ಬರೀ ಬೆನ್ನುಗಳು.
ಹೊಳೆ ಬಂತೆಂದು ನನಗೆ ತಿಳಿಯುತ್ತಿದ್ದದ್ದು
ಗಾಲಿಯ ಸದ್ದು ಟೊಳ್ಳಾದಾಗ,
ಯಾರೋ ಮುದುಕಿ ನೀರಿಗೆ ಎಂಟಾಣೆ ಒಗೆಯಲು
ನನ್ನ ಭುಜದ ಮೇಲಿಂದ ಕೈ ಚಾಚಿದಾಗ.

ದೋಣಿಯವ ಹುಲಗಪ್ಪ ತಗಡಿನ ಚಪ್ಪರದ್ದನ್ನು ಮೊದಲು ತೋರಿಸಿದ.
"ಮದುವಿ ಮಂದಿ ಇದನ್ನ ಕೇಳ್ತಾರ್ರೀ."
ಬುಡ್ಡೇಸಾಬ ಒಳಗೆ ನುಸಿದು ಕೂತು ತೋಳು ಸವರಿಕೊಂಡ.
"ಇದ ಆಗಲಿ ಮಾರಾಯ, ತಣ್ಣಗೈತಿ."
ನಾನೂ ಕೂತು ನೋಡಿದೆ. ಕಂಡದ್ದು
ಒಂದು ಗೇಣು ನೀರು, ಅದರಲ್ಲಿ ಕೊಕ್ಕರೆಯ ಎರಡು ಕಾಲು.
ಕೊಕ್ಕರೆ ತಗಡಿನ ಆಚೆ.
"ಇದು ಬಸ್ಸು," ಅಂದೆ. "ನನ್ನ ಬಸ್ಸು."

ನಕ್ಕ. ಹಲ್ಲು ಕಟ್ಟಿಸಿಕೊಂಡ ಮೇಲೆ
ಅವನ ನಗೆಗೂ ಬ್ರೇಕು ಬಂದಿದೆ.

ಚಪ್ಪರವಿಲ್ಲದ್ದು ಅವನಿಗೆ ಬೇಡ. ಹಲಗೆ ಮುಟ್ಟಿದರೆ ರೊಟ್ಟಿ ಹಂಚು.
ಉಳಿದದ್ದು ಜಾಲಿಗಿಡಕ್ಕೆ ಕಟ್ಟಿದ್ದ ಪಟದ ದೋಣಿ.
ಗೊಬ್ಬರದ ಚೀಲ ಬಿಚ್ಚಿ ಹೊಲಿದ ಪಟ,
ಯೂರಿಯಾ ಅನ್ನುವ ಅಕ್ಷರ ತಲೆಕೆಳಗಾಗಿ ಆಕಾಶದಲ್ಲಿ.
"ನೆರಳು ಯಾವ ಕಡೆ ಬೀಳತೈತಿ?"
ಹುಲಗಪ್ಪ ನನ್ನನ್ನು ನೋಡಿದ,
ಚಿಲ್ಲರೆ ಇಲ್ಲದ ಪ್ಯಾಸೆಂಜರನ್ನು ನಾನು ನೋಡುತ್ತಿದ್ದ ಹಾಗೆ.
"ಅದನ್ನ ಗಾಳೀನ ಕೇಳ್ರಿ.
ಈಗೊಂದು ಮಗ್ಗಲು, ತಿರುವಿದರ ಇನ್ನೊಂದು.
ನೆರಳಿದ್ದಾವಗ ಮುಂದಿಂದು ಕಾಣೂದಿಲ್ಲ,
ಕಾಣೂವವಗ ನೆರಳಿಲ್ಲ."

ನನ್ನ ಒಂದೇ ಒಂದು ವಿದ್ಯೆ
ಮೊಣಕಾಲುದ್ದ ನೀರಿನಲ್ಲೇ ಮುಳುಗಿತು.

ತಾಸಿಗೆ ಇನ್ನೂರಕ್ಕೆ ಮುಗಿಯಿತು ಚೌಕಾಸಿ.
ಬುಡ್ಡೇಸಾಬ ರೂಢಿಯಂತೆ ಬಲಕ್ಕೆ ಕೂತ.
ಗಾಳಿ ತುಂಬಿದ ಪಟ ಅವನನ್ನು ಇಡಿಯಾಗಿ ಮುಚ್ಚಿತು.
ಹಾದಿಯ ಮೇಲೆ ಅವನು ಕಣ್ಣು ಮುಚ್ಚಿದ್ದನ್ನು
ಮೊದಲ ಸಲ ನೋಡಿದೆ.
ನನ್ನ ಮುಖ ಉರಿಯುತ್ತಿತ್ತು.
ಆದರೆ ಸೇತುವೆ!
ಮೂವತ್ತೊಂದು ವರ್ಷ ಬರೀ ಕಿವಿಯಿಂದ ದಾಟಿದ ಸೇತುವೆ,
ಅದರ ಕಾಲುಗಳಿಗೆ ಮೊಣಕಾಲಿನವರೆಗೆ ಪಾಚಿ,
ಕಂಬದ ಸಂದಿಯಲ್ಲಿ ಪಾರಿವಾಳದ ಸಂಸಾರ,
ಮೇಲೆ ಒಂದು ಕೆಂಪು ಬಸ್ಸು ಹೋಗುತ್ತಿದೆ,
ಬಲಗಡೆಯ ಕಿಟಕಿಗಳಿಗೆಲ್ಲ ಟವೆಲ್ಲು, ಸೆರಗು, ಪೇಪರು.
ನೋಡ್ರಿ, ಹೇಳಿದರೆ ಕೇಳಬೇಕಲ್ಲ.

"ತಲಿ ಬಗ್ಗಸ್ರಿ!" ಹುಲಗಪ್ಪ ಕೂಗಿದ.
ಬಿದಿರ ಗಳ ನಮ್ಮ ಮೇಲಿಂದ ಹಾದು ಆಚೆ ಹೋಯಿತು,
ನೆರಳು ಕಳಚಿ ನನ್ನ ತೊಡೆಗೆ ಬಿತ್ತು.
ಪಟದಾಚೆ ಬುಡ್ಡೇಸಾಬ ಗೊಣಗುವುದು ಕೇಳಿಸಿತು,
ಆಮೇಲೆ ಗೊಣಗುವುದೂ ನಿಂತಿತು.
ಬಟ್ಟೆಯಂಚಿನಿಂದ ಅವನ ಎಡಗೈ ಮಾತ್ರ ಕಾಣುತ್ತಿತ್ತು,
ತೋಳು ಮಡಚಿ, ಮೇಲಕ್ಕೆ ಸೇರಿಸಿ,
ದೋಣಿಯಂಚಿಗೆ ಇಟ್ಟಿದ್ದ.
"ಇರಲಿ ಬಿಡು. ಇದಕ್ಕೂ ಒಂದೀಟು ಹತ್ತಲಿ."

ಅಷ್ಟು ವರ್ಷ ಅವನ ಬೆನ್ನ ಹಿಂದೆ ಸೀಟಿ ಊದಿದವನು
ಕೇಳಿರದ ಮಾತು ಇವತ್ತು ಕೇಳಿದೆ:
"ಮುಂದ ಏನ ಕಾಣತೈತಿ?"

ಸ್ವಲ್ಪ ಹೊತ್ತು ತಗೊಂಡ.
"ಒಬ್ಬ ಹುಡುಗ ಎಮ್ಮೀ ಮೈ ತೊಳ್ಯಾಕತ್ತಾನ.
ಎಮ್ಮಿ ಒಲ್ಲೆ ಅನ್ನಾಕತ್ತೈತಿ.
ತಡಿ, ತಡಿ,
ಈಗ ಹುಡುಗನ ನೀರಾಗ ಬಿದ್ದ."